ರಿವಾಲ್ವರ್ ಸೊಂಟದಲ್ಲಿರಲಿ, ವ್ಯಾನಿಟಿ ಬ್ಯಾಗಿನಲ್ಲಿ ಬೇಡ

ಆತ್ಮರಕ್ಷಣೆಗೆಂದು ಪರವಾನಗಿ ಪಡೆದವರು ರಿವಾಲ್ವರಿಗೆ ಲಕ್ಷಗಟ್ಟಲೆ ಸುರಿಯುತ್ತಾರೆ, ಅದನ್ನು ಇಟ್ಟುಕೊಳ್ಳುವ ಹೋಲ್‌ಸ್ಟರಿಗೆ ಮಾತ್ರ ಚೌಕಾಸಿ ಮಾಡುತ್ತಾರೆ. ಸೊಂಟವೋ, ಜೇಬೋ, ಬ್ಯಾಗೋ ಎಂಬ ಚರ್ಚೆ ಹುಟ್ಟುವುದೇ ಇಲ್ಲಿಂದ. ಅಮೆರಿಕದ ಹಲವು ರಾಜ್ಯಗಳಲ್ಲಿ ಪಿಸ್ತೂಲು ಕಾಣುವಂತೆ ಕಟ್ಟಿಕೊಂಡು ಓಡಾಡಬಹುದು. ನಮ್ಮಲ್ಲಿ ಆ ಆಯ್ಕೆಯಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಅದು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಬೆನ್ನುಚೀಲದಂಥದ್ದರಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು. ಕಾನೂನು ಚೀಲವನ್ನೂ ಒಪ್ಪುತ್ತದೆ ನಿಜ. ಆದರೆ ಹತೋಟಿ ಎಂಬ ಮೂರನೆಯ ಷರತ್ತನ್ನು ನಿಜವಾಗಿ ಪೂರೈಸುವುದು ಸೊಂಟದ ಹೋಲ್‌ಸ್ಟರ್ ಒಂದೇ.

ಮೊದಲು ಟ್ರಿಗರನ್ನು ಪೂರ್ತಿ ಮುಚ್ಚುವ, ಒತ್ತಿದರೆ ಮಡಚಿಕೊಳ್ಳದ ಗಟ್ಟಿ ಹೋಲ್‌ಸ್ಟರ್ ಆರಿಸಿ. ದಪ್ಪ ಬೆಲ್ಟಿಗೆ, ಬಲಗೈಯವರಾದರೆ ಬಲ ಸೊಂಟದ ಮೇಲೆ, ಬಿಗಿಯಾಗಿ ಕಟ್ಟಿ. ರಿವಾಲ್ವರ್ ಒಳಗಿಡುವಾಗ ಬೆರಳು ಟ್ರಿಗರಿನಿಂದ ಹೊರಗಿರಲಿ, ಅಂಗಿಯ ಅಂಚು ಒಳಗೆ ಸಿಕ್ಕಿಕೊಂಡಿಲ್ಲವೆಂದು ಕಣ್ಣಾರೆ ನೋಡಿ, ಅವಸರ ಬೇಡ. ಬೈಕಿನಲ್ಲಿ ಗಾಳಿಗೆ ಅಂಗಿ ಹಾರುವುದರಿಂದ ಮೇಲೊಂದು ಜಾಕೆಟ್ ಇರಲಿ. ಕಾನ್ಪುರದ ಆಯುಧ ಕಾರ್ಖಾನೆ 2014ರಲ್ಲಿ ತಂದ ‘ನಿರ್ಭೀಕ್’ ರಿವಾಲ್ವರ್ ಸುಮಾರು ಅರ್ಧ ಕೆ.ಜಿ. ಮಾತ್ರ ತೂಗುತ್ತದೆ, ಜೇಬೇ ಸಾಕಲ್ಲವೇ ಎನ್ನುವವರಿದ್ದಾರೆ. ಜೇಬಿಗೆಂದೇ ಮಾಡಿದ ಹೋಲ್‌ಸ್ಟರ್ ಇದ್ದು, ಅದೇ ಜೇಬಿನಲ್ಲಿ ಕೀಲಿ, ಚಿಲ್ಲರೆ ಏನೂ ಇಲ್ಲದಿದ್ದರೆ ಆಗಬಹುದು. ಹೋಲ್‌ಸ್ಟರ್ ಇಲ್ಲದೆ ಪ್ಯಾಂಟಿಗೆ ಸಿಕ್ಕಿಸಿಕೊಳ್ಳುವುದು ಸಿನಿಮಾದವರಿಗೆ ಬಿಡಿ. 2008ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೊ ಬರೆಸ್ ಹಾಗೆ ಸಿಕ್ಕಿಸಿಕೊಂಡ ಪಿಸ್ತೂಲು ನ್ಯೂಯಾರ್ಕಿನ ನೈಟ್‌ಕ್ಲಬ್ಬಿನಲ್ಲಿ ಜಾರಿ, ಗುಂಡು ಅವರ ತೊಡೆಗೇ ಹೊಕ್ಕಿತು. ಪರವಾನಗಿಯೂ ಇರಲಿಲ್ಲ, ಜೈಲೂ ಆಯಿತು.

ಬ್ಯಾಗಿನ ವಿಷಯಕ್ಕೆ ಬರೋಣ. ಹೆಚ್ಚು ಜನ ಎಡವುವುದು ಇಲ್ಲೇ. ಬ್ಯಾಗು ದಿನಕ್ಕೆ ಹತ್ತಾರು ಸಲ ಮೈಯಿಂದ ದೂರವಾಗುತ್ತದೆ: ಹೋಟೆಲಿನ ಕುರ್ಚಿಗೆ, ಕಾರಿನ ಸೀಟಿಗೆ, ಮದುವೆ ಮನೆಯಲ್ಲಿ ನೆಂಟರ ಕೈಗೆ. 2014ರ ಡಿಸೆಂಬರಿನಲ್ಲಿ ಅಮೆರಿಕದ ಐಡಹೊ ರಾಜ್ಯದ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಾಯಿಯ ಬ್ಯಾಗಿನಿಂದ ಪಿಸ್ತೂಲು ತೆಗೆದು, ಗುಂಡು ಹಾರಿ, ತಾಯಿ ಅಲ್ಲೇ ಸತ್ತರು. ಅದು ಪಿಸ್ತೂಲಿಗೆಂದೇ ಜಿಪ್ಪಿನ ಖಾನೆಯಿದ್ದ ಬ್ಯಾಗು ಎಂಬುದನ್ನು ಗಮನಿಸಿ. ಸೀರೆ ಉಟ್ಟವರು ಬೆಲ್ಟ್ ಎಲ್ಲಿ ಕಟ್ಟಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಬೇರೆ ದಾರಿಯಿಲ್ಲದವರು ಎದೆಗೆ ಅಡ್ಡಲಾಗಿ ಹಾಕುವ ಚೀಲ ಬಳಸಲಿ, ಒಳಗೆ ಹೋಲ್‌ಸ್ಟರ್ ಇರಲಿ, ಮನೆಗೆ ಮರಳುವವರೆಗೆ ಚೀಲ ಹೆಗಲಿನಿಂದ ಇಳಿಯದಿರಲಿ. ಅದಾಗದಿದ್ದರೆ ರಿವಾಲ್ವರ್ ಮನೆಯ ಬೀಗದೊಳಗಿರುವುದೇ ಲೇಸು. ರಿವಾಲ್ವರಿನ ಟ್ರಿಗರ್ ಬಿಗಿ, ತಾನಾಗಿ ಹಾರುವುದಿಲ್ಲ ಎಂಬ ವಾದವೂ ಇದೆ. ಬಹುಮಟ್ಟಿಗೆ ಸರಿ. ಆದರೂ 2024ರ ಅಕ್ಟೋಬರಿನಲ್ಲಿ ನಟ ಗೋವಿಂದ ಅವರದೇ ಪರವಾನಗಿ ರಿವಾಲ್ವರ್ ಮುಂಬೈ ಮನೆಯಲ್ಲಿ ಕೈಜಾರಿ ಬಿದ್ದು, ಗುಂಡು ಕಾಲಿಗೆ ತಗುಲಿದ್ದು ವರದಿಯಾಯಿತು. ಹಳೆಯ ಮಾದರಿಯ ಕೆಲವು ರಿವಾಲ್ವರುಗಳಲ್ಲಿ ಬಿದ್ದಾಗ ಗುಂಡಿಗೆ ಬಡಿಯುವ ಸುತ್ತಿಗೆಯನ್ನು ತಡೆಯುವ ವ್ಯವಸ್ಥೆಯಿಲ್ಲ. ಅಂಥವುಗಳಲ್ಲಿ ಸುತ್ತಿಗೆಯ ಎದುರಿನ ಗುಂಡಿನ ಮನೆ ಖಾಲಿ ಇರಬೇಕು. ನಿಮ್ಮದು ಯಾವ ಬಗೆಯದೆಂದು ಪರವಾನಗಿ ಪಡೆದ ಬಂದೂಕು ಅಂಗಡಿಯಲ್ಲಿ ತೋರಿಸಿ ತಿಳಿಯಿರಿ.

ಉಳಿದದ್ದು ಚುಟುಕಾಗಿ. ಪರವಾನಗಿ ಪತ್ರ ಜೊತೆಗಿರಲಿ, ಪೊಲೀಸರು ಕೇಳಿದರೆ ತೋರಿಸಬೇಕು. ಅದರಲ್ಲಿ ನಮೂದಿಸಿದ ಪ್ರದೇಶ ದಾಟಿ ಒಯ್ಯಬೇಡಿ. ವಿಮಾನದ ಕ್ಯಾಬಿನ್ನಿಗೆ ಒಯ್ಯುವಂತಿಲ್ಲ. ಚುನಾವಣೆ ಘೋಷಣೆಯಾದಾಗ ಠಾಣೆಯಲ್ಲಿ ಠೇವಣಿ ಇಡಲು ಆದೇಶ ಬಂದರೆ ಇಟ್ಟು, ರಸೀದಿ ತಪ್ಪದೆ ಪಡೆಯಿರಿ.