ಜಮೀನು ಅಡವಿಡುವ ಮೊದಲು

ತೊಂಡೇಬಾವಿ ಕಡೆಯ ಮಕ್ಕಳೂ ಈಗ ವಿದೇಶಕ್ಕೆ ಓದಲು ಹೋಗಬೇಕೆನ್ನುತ್ತಾರೆ. ಹೋಗಲಿ, ಬಹಳ ಸಂತೋಷ. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು 1960ರಲ್ಲಿ ಪಿಎಚ್.ಡಿ. ಪಡೆದದ್ದು ಅಮೆರಿಕದ ಓಹಾಯೋ ಸ್ಟೇಟ್‌ನಲ್ಲಿ. ಅದು ಸರ್ಕಾರಿ ವಿಶ್ವವಿದ್ಯಾಲಯ.

ಆದರೆ ಸರ್ಕಾರಿ ಎಂದರೆ ಅಗ್ಗ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಕಡಿಮೆ ಶುಲ್ಕ ಆಯಾ ರಾಜ್ಯದವರಿಗೆ ಮಾತ್ರ. ನಮ್ಮವರು ಸಾಮಾನ್ಯವಾಗಿ ಹೊರರಾಜ್ಯದವರ ದರ ಕಟ್ಟಬೇಕು, ಅದು ಎಷ್ಟೋ ಕಡೆ ದುಪ್ಪಟ್ಟಿಗೂ ಹೆಚ್ಚು. ಹಾರ್ವರ್ಡ್, ಎಂಐಟಿ ಖಾಸಗಿಯವು. ಪದವಿಗೆ ಆಯ್ಕೆಯಾದ ವಿದೇಶಿ ಮಕ್ಕಳಿಗೂ ಮನೆಯ ಆದಾಯ ನೋಡಿ ನೆರವು ಕೊಡುತ್ತವೆ. ಸೀಟು ಸಿಗುವುದು ಮಾತ್ರ ಬಲು ಕಷ್ಟ.

ಜರ್ಮನಿಯ ಲೆಕ್ಕವೇ ಬೇರೆ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಶುಲ್ಕವಿಲ್ಲದಿದ್ದರೂ ಒಂದು ವರ್ಷದ ಊಟ, ಬಾಡಿಗೆಯ ಹಣವನ್ನು ವೀಸಾಗೆ ಮೊದಲೇ ತೋರಿಸಬೇಕು. ಖಾಸಗಿ ಕಾಲೇಜಾದರೆ ಅದಕ್ಕೆ ಅಲ್ಲಿನ ಸರ್ಕಾರದ ಮಾನ್ಯತೆ ಇದೆಯೇ ಎಂದು ನೋಡಲೇಬೇಕು.

‘ಬೇಗ ಸೀಟು ಕೊಡಿಸುತ್ತೇವೆ’ ಎನ್ನುವ ಏಜೆಂಟರಿಗೆ ಎಷ್ಟೋ ಸಲ ಕಮಿಷನ್ ಬರುವುದು ಕಾಲೇಜಿನಿಂದಲೇ. ಹಾಗಾಗಿ ಅವರು ಕೊಟ್ಟ ಪಟ್ಟಿಯಲ್ಲೇ ಆರಿಸಬೇಡಿ. ವಿಶ್ವವಿದ್ಯಾಲಯಕ್ಕೆ ನೀವೇ ಇಮೇಲ್ ಬರೆದು, ಕೋರ್ಸು ಮುಗಿಯುವವರೆಗಿನ ಒಟ್ಟು ಖರ್ಚು ಕೇಳಿ. ಆ ಉತ್ತರವನ್ನು ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿ. ಬ್ಯಾಂಕಿಗೆ ಪಹಣಿ ಒಯ್ಯುವುದು ಆಮೇಲೆ.