ವಿದ್ಯಾರ್ಥಿಯ ಹಣಕ್ಕೆ ಭದ್ರವಾದ ಬ್ಯಾಂಕು ಖಾತೆ

ಮುಂಗಾರು ಹದವಾಗಿ ಬಿದ್ದು ಬಿತ್ತನೆಯ ಕೆಲಸವು ನಡೆಯುತ್ತಿರುವ ದಿನಗಳಲ್ಲಿಯೇ ರೈತರ ಮನೆಯ ಮಕ್ಕಳು ಪಟ್ಟಣದ ಕಾಲೇಜುಗಳಿಗೆ ಸೇರತಕ್ಕ ಕಾಲವೂ ಒದಗುವುದು. ಬೀಜ ಗೊಬ್ಬರಗಳಿಗೆ ಹಣ ಬೇಕಾದ ಹೊತ್ತಿನಲ್ಲಿಯೇ ಕಾಲೇಜಿನ ಶುಲ್ಕಕ್ಕೂ ವಿದ್ಯಾರ್ಥಿನಿಲಯದ ಊಟದ ವೆಚ್ಚಕ್ಕೂ ಹಣವನ್ನು ಒದಗಿಸಬೇಕಾಗುವುದು. ಆದುದರಿಂದ ಯಜಮಾನನು ಹಿಂದಿನ ಸಾಲಿನ ಫಸಲನ್ನು ಮಾರಿ ಕೂಡಿಟ್ಟ ಮೊಬಲಗಿನಲ್ಲಿ ಒಂದು ಭಾಗವನ್ನು ಮಗನ ಅಥವಾ ಮಗಳ ಹೆಸರಿನಲ್ಲಿ ಬ್ಯಾಂಕಿನಲ್ಲಿಡುವುದು ಈಗ ಎಲ್ಲೆಡೆಯಲ್ಲಿಯೂ ವಾಡಿಕೆಯಾಗಿದೆ. ಎತ್ತನ್ನು ಕೊಳ್ಳುವಾಗ ಹಲ್ಲು, ಸುಳಿ, ಗೊರಸುಗಳನ್ನು ನೋಡದೆ ಹಗ್ಗವನ್ನು ಮುಟ್ಟದ ಗೃಹಸ್ಥನು ಈ ಖಾತೆಯನ್ನು ಆರಿಸುವಾಗ ಮಾತ್ರ, ಯಾವ ಶಾಖೆಯು ಬಸ್ಸು ನಿಲ್ಲುವ ಸ್ಥಳಕ್ಕೆ ಸಮೀಪವಾಗಿದೆ, ಯಾವ ಸಂಸ್ಥೆಯ ನಿರ್ದೇಶಕನು ತನಗೆ ಪರಿಚಿತನು ಎಂಬಷ್ಟನ್ನೇ ನೋಡಿ ತೃಪ್ತನಾಗುವುದು ಆಶ್ಚರ್ಯವೇ ಸರಿ.

ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬುತ್ತಿದ್ದವರು ಎರಡು ವಿಷಯಗಳನ್ನು ವಿಚಾರಿಸುತ್ತಿದ್ದರು. ನೆಲವು ಎತ್ತರವಾಗಿಯೂ ಗಟ್ಟಿಯಾಗಿಯೂ ನೀರು ಒಸರದುದಾಗಿಯೂ ಇದೆಯೇ ಎಂಬುದು ಒಂದು. ಹಗೇವಿನ ಬಾಯನ್ನು ತೆಗೆಯುವ ಅಧಿಕಾರವು ಯಾರಿಗೆ ಎಂಬುದು ಮತ್ತೊಂದು. ಬ್ಯಾಂಕು ಖಾತೆಯ ಭದ್ರತೆಯೂ ಈ ಎರಡರಲ್ಲಿಯೇ ಇದೆ. ಮೊದಲನೆಯದನ್ನು ಕಾನೂನು ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ಎರಡನೆಯದು ವಿದ್ಯಾರ್ಥಿಯ ಕೈಯಲ್ಲಿದೆ. ಸಂಸ್ಥೆಯು ಎಷ್ಟೇ ಭದ್ರವಾಗಿದ್ದರೂ ಈ ಎರಡನೆಯ ಬಾಗಿಲಿನಿಂದ ಹೋದ ಹಣಕ್ಕೆ ಯಾವ ವಿಮೆಯೂ ಇಲ್ಲ.

ಬ್ಯಾಂಕುಗಳು ಮುಳುಗುವುದು ಹೊಸ ಸಂಗತಿಯಲ್ಲ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಿಹೋದಾಗ ಅದರಲ್ಲಿ ಹಣವಿಟ್ಟಿದ್ದ ಸಾಮಾನ್ಯ ಜನರಿಗೆ ಉಂಟಾದ ಕಷ್ಟವು ದೇಶದಲ್ಲೆಲ್ಲಾ ಚರ್ಚೆಗೆ ಬಂದಿತು. ಅದರ ಪರಿಣಾಮವಾಗಿ 1961ರಲ್ಲಿ ಕಾನೂನಾಗಿ, 1962ರ ಜನವರಿ 1ರಿಂದ ಠೇವಣಿ ವಿಮೆಯ ಏರ್ಪಾಡು ಜಾರಿಗೆ ಬಂದಿತು. ಆಗ ಒಬ್ಬ ಠೇವಣಿದಾರನಿಗೆ ದೊರೆಯುತ್ತಿದ್ದ ರಕ್ಷಣೆಯು 1,500 ರೂಪಾಯಿ ಮಾತ್ರ. ಅದು ಕ್ರಮವಾಗಿ ಏರಿ 1993ರಲ್ಲಿ 1 ಲಕ್ಷ ರೂಪಾಯಿಯಾಯಿತು. 2020ರ ಫೆಬ್ರವರಿ 4ರಿಂದ 5 ಲಕ್ಷ ರೂಪಾಯಿಯಾಗಿದೆ. ಈ ಕೊನೆಯ ಏರಿಕೆಗೆ ಕೆಲವೇ ತಿಂಗಳ ಹಿಂದೆ, 2019ರ ಸೆಪ್ಟೆಂಬರಿನಲ್ಲಿ, ಮುಂಬಯಿಯಲ್ಲಿ ಮುಖ್ಯ ಕಛೇರಿಯನ್ನು ಹೊಂದಿದ್ದ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧವನ್ನು ಹೇರಿದಾಗ, ಠೇವಣಿದಾರರು ಮೊದಲಿಗೆ ತೆಗೆಯಬಹುದಾಗಿದ್ದುದು 1,000 ರೂಪಾಯಿ ಮಾತ್ರವಾಗಿತ್ತು. ಮಿತಿಯನ್ನು ಅನಂತರ ಸಡಿಲಿಸಿದರೂ, ಪರೀಕ್ಷಾ ಶುಲ್ಕವನ್ನು ಕಟ್ಟಬೇಕಾದ ವಾರದಲ್ಲಿ ಇಂತಹ ತಡೆ ಬಂದರೆ ವಿದ್ಯಾರ್ಥಿಗೆ ಒದಗುವ ಸಂಕಟವನ್ನು ವಿವರಿಸಬೇಕಾಗಿಲ್ಲ. 2021ರಲ್ಲಿ ಕಾನೂನನ್ನು ತಿದ್ದಿ, ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ 90 ದಿನಗಳೊಳಗೆ ವಿಮೆಯ ಹಣವನ್ನು ಕೊಡುವಂತೆ ಏರ್ಪಡಿಸಲಾಯಿತು. ಇದು ದೊಡ್ಡ ಅನುಕೂಲವೇ. ಆದರೂ 90 ದಿನವೆಂದರೆ ಒಂದು ರಾಗಿಯ ಬೆಳೆಯ ಅವಧಿಗೆ ಹತ್ತಿರ.

ಈ 5 ಲಕ್ಷದ ಅರ್ಥವನ್ನು ಸರಿಯಾಗಿ ತಿಳಿಯತಕ್ಕದ್ದು. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ಒಬ್ಬನೇ ಇಟ್ಟಿರುವ ಉಳಿತಾಯದ ಹಣ, ಅವಧಿ ಠೇವಣಿ, ಅವುಗಳ ಮೇಲಿನ ಬಡ್ಡಿ ಎಲ್ಲವೂ ಸೇರಿ ಈ ಮಿತಿಗೆ ಒಳಪಡುವುವು. ಬೇರೆ ಬ್ಯಾಂಕಿನಲ್ಲಿಟ್ಟುದಕ್ಕೆ ಬೇರೆಯಾಗಿಯೇ ರಕ್ಷಣೆಯುಂಟು. ತಂದೆಯು ತನ್ನ ಸ್ವಂತಕ್ಕೆಂದು ಇಟ್ಟುದು ಬೇರೆ, ಅಪ್ರಾಪ್ತ ವಯಸ್ಸಿನ ಮಗುವಿನ ಪೋಷಕನಾಗಿ ಇಟ್ಟುದು ಬೇರೆಯೆಂದು ಗಣಿಸಲ್ಪಡುವುದು. ಅಡಿಕೆ ತೋಟದ ಯಜಮಾನನೊಬ್ಬನು ಒಂದೇ ಬ್ಯಾಂಕಿನಲ್ಲಿ ತನ್ನ ಹೆಸರಿನಲ್ಲಿ 9 ಲಕ್ಷವನ್ನೂ ಮಗಳ ಹೆಸರಿನಲ್ಲಿ 60,000 ರೂಪಾಯಿಯನ್ನೂ ಇಟ್ಟಿದ್ದಾನೆಂದು ಭಾವಿಸಿದರೆ, ಮಗಳ ಹಣವು ಪೂರ್ತಿ ರಕ್ಷಿತವು. ಆತನ ಸ್ವಂತ ಹಣದಲ್ಲಿ 4 ಲಕ್ಷವು ವಿಮೆಯ ಬೇಲಿಯ ಹೊರಗೆ ನಿಂತಿದೆ. ಈ ವಿಮೆಯ ಕಂತನ್ನು ಬ್ಯಾಂಕೇ ಕಟ್ಟತಕ್ಕದ್ದು, ಠೇವಣಿದಾರನಲ್ಲ. ವಾಣಿಜ್ಯ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು, ಸಣ್ಣ ಹಣಕಾಸು ಬ್ಯಾಂಕುಗಳು, ಪಟ್ಟಣ ಸಹಕಾರಿ ಬ್ಯಾಂಕುಗಳು, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು ಇದಕ್ಕೆ ಒಳಪಟ್ಟಿವೆ. ಯಾವ ಬ್ಯಾಂಕಿನ ಬಗ್ಗೆಯಾದರೂ ಸಂಶಯವಿದ್ದಲ್ಲಿ, ಠೇವಣಿ ವಿಮಾ ನಿಗಮವು ಪ್ರಕಟಿಸಿರುವ ಪಟ್ಟಿಯಲ್ಲಿ ಅದರ ಹೆಸರಿದೆಯೇ ಎಂಬುದನ್ನು ನೋಡಬಹುದು.

ಇಲ್ಲಿ ಗ್ರಾಮದ ಮುಖ್ಯಸ್ಥರಿಗೆ ಸ್ವಲ್ಪ ಕಹಿಯಾದ ಮಾತೊಂದನ್ನು ಹೇಳಬೇಕಾಗಿದೆ. ಗ್ರಾಮದ ವ್ಯವಸಾಯ ಸೇವಾ ಸಹಕಾರ ಸಂಘಗಳಲ್ಲಿಯೂ, ಪೇಟೆಗಳಲ್ಲಿರುವ ಪತ್ತಿನ ಸಂಘಗಳು ಮತ್ತು ಸೌಹಾರ್ದ ಸಹಕಾರಿಗಳಲ್ಲಿಯೂ ಇಟ್ಟ ಠೇವಣಿಗೆ ಮೇಲ್ಕಂಡ ವಿಮೆಯು ಅನ್ವಯಿಸುವುದಿಲ್ಲ. ಸಹಕಾರ ತತ್ತ್ವವನ್ನು ಹಳಿಯುವ ಉದ್ದೇಶವು ಇಲ್ಲಿಲ್ಲ. ಗದಗಿಗೆ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಆರಂಭವಾದ ಸಂಘದಿಂದ ಮೊದಲ್ಗೊಂಡು ಈ ನಾಡಿನ ರೈತನನ್ನು ಬಡ್ಡಿಯ ಸಾಹುಕಾರನ ಹಿಡಿತದಿಂದ ಬಿಡಿಸಿದ ಕೀರ್ತಿಯು ಇಂತಹ ಸಂಘಗಳಿಗೆ ಸಲ್ಲತಕ್ಕದ್ದೇ. ಬೆಳೆಸಾಲಕ್ಕೂ ಗೊಬ್ಬರಕ್ಕೂ ಸಂಘವು ಯೋಗ್ಯವಾದ ಸ್ಥಳ. ಆದರೆ ಪರವೂರಿನಲ್ಲಿ ಓದುವ ಮಗುವಿನ ವರ್ಷದ ಶುಲ್ಕವನ್ನು ವಿಮೆಯಿಲ್ಲದ ಸ್ಥಳದಲ್ಲಿಡುವುದು ವಿವೇಕವಲ್ಲ. ಅಧ್ಯಕ್ಷರು ತಮ್ಮವರೆಂಬ ವಿಶ್ವಾಸವು ಠೇವಣಿಗೆ ಆಧಾರವಾಗಲಾರದು; ಒಳ್ಳೆಯ ಮನುಷ್ಯರ ಆಡಳಿತದಲ್ಲಿಯೂ ಸಾಲಗಳು ವಸೂಲಾಗದೆ ಹೋಗುವುದುಂಟು. ಇಂತಹ ಸಂಸ್ಥೆಗಳು ಶೇಕಡಾ ಒಂದೆರಡು ಹೆಚ್ಚು ಬಡ್ಡಿಯನ್ನು ಕೊಡುವುವೆಂಬ ಕಾರಣವನ್ನು ಕೆಲವರು ಹೇಳುವರು. 20,000 ರೂಪಾಯಿಯ ಮೇಲೆ ಶೇಕಡಾ 1ರಷ್ಟು ಹೆಚ್ಚಿನ ಬಡ್ಡಿಯೆಂದರೆ ವರ್ಷಕ್ಕೆ 200 ರೂಪಾಯಿ. ಅಷ್ಟಕ್ಕಾಗಿ 20,000ವನ್ನು ಪಣಕ್ಕಿಡುವ ವ್ಯಾಪಾರವನ್ನು ಸಂತೆಯಲ್ಲಿ ಯಾರೂ ಒಪ್ಪಲಾರರು.

ಅಂಚೆಯ ಉಳಿತಾಯ ಖಾತೆಯ ವಿಷಯವು ಬೇರೆ. ಅದರಲ್ಲಿಟ್ಟ ಪೂರ್ತಿ ಹಣಕ್ಕೆ ಕೇಂದ್ರ ಸರ್ಕಾರವೇ ಹೊಣೆ. ಹತ್ತು ವರ್ಷ ತುಂಬಿದ ಮಗುವು ಅದನ್ನು ತಾನೇ ತೆರೆದು ನಡೆಸಬಹುದು. ಅಂಚೆಯವನು ಮನೆಯ ಬಾಗಿಲಿನಲ್ಲಿ ತೆರೆದುಕೊಡುವ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆಯನ್ನು ಇದರೊಡನೆ ಬೆರೆಸಿ ತಿಳಿಯಬಾರದು. ಅದೊಂದು ಬೇರೆ ಬ್ಯಾಂಕು, ಠೇವಣಿ ವಿಮೆಗೆ ಒಳಪಟ್ಟುದು.

ಇನ್ನು ಖಾತೆಯ ಬಗೆ. ಬ್ಯಾಂಕುಗಳು ವಿದ್ಯಾರ್ಥಿಗಳಿಗೆಂದು ಬಗೆಬಗೆಯ ಹೆಸರುಗಳಿಂದ ಖಾತೆಗಳನ್ನು ಸಾರುತ್ತವೆ. ಹೆಸರಿಗಿಂತ ಷರತ್ತುಗಳೇ ಮುಖ್ಯ. ಕನಿಷ್ಠ ಶಿಲ್ಕು ಇರದಿದ್ದರೆ ದಂಡವುಂಟೇ, ಎ.ಟಿ.ಎಂ. ಕಾರ್ಡಿಗೆ ವಾರ್ಷಿಕ ಶುಲ್ಕವುಂಟೇ, ವಿದ್ಯಾರ್ಥಿಯ ವಯಸ್ಸು ಮೀರಿದ ಮೇಲೆ ಖಾತೆಯು ಯಾವ ವರ್ಗಕ್ಕೆ ಬದಲಾಗುವುದು, ಈ ಮೂರನ್ನು ಕೇಳಿ ತಿಳಿಯತಕ್ಕದ್ದು. ಏನೂ ತೋಚದವರು ಮೂಲ ಉಳಿತಾಯ ಠೇವಣಿ ಖಾತೆಯನ್ನು ಕೇಳಬಹುದು. ಅದರಲ್ಲಿ ಕನಿಷ್ಠ ಶಿಲ್ಕಿನ ಕಟ್ಟುಪಾಡಿಲ್ಲ, ಕಾರ್ಡು ಉಚಿತ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಹಣವನ್ನು ಶುಲ್ಕವಿಲ್ಲದೆ ತೆಗೆಯಬಹುದು. ಆದರೆ ಅದೇ ಬ್ಯಾಂಕಿನಲ್ಲಿ ಬೇರೊಂದು ಉಳಿತಾಯ ಖಾತೆಯನ್ನು ಇಟ್ಟುಕೊಳ್ಳಲಾಗದು.

ಹದಿನಾರನೆಯ ವಯಸ್ಸಿನಲ್ಲಿ ಪದವಿಪೂರ್ವ ತರಗತಿಗೆ ಸೇರುವಾಗ ತೆರೆದ ಖಾತೆಯು ಹದಿನೆಂಟು ತುಂಬಿದೊಡನೆ ಹೊಸ ಕಾಗದಪತ್ರಗಳನ್ನೂ ಹೊಸ ರುಜುವಿನ ಮಾದರಿಯನ್ನೂ ಬೇಡುವುದು. ಇವನ್ನು ಸಲ್ಲಿಸದೆ ಬಿಟ್ಟರೆ ವ್ಯವಹಾರವು ನಿಲ್ಲುವುದುಂಟು, ಅದೂ ಪದವಿ ತರಗತಿಗೆ ಸೇರುವ ಹೊತ್ತಿಗೆ. ಹುಟ್ಟಿದ ತಾರೀಖನ್ನು ನೋಡಿ ಆ ತಿಂಗಳಿನಲ್ಲಿಯೇ ಈ ಕೆಲಸವನ್ನು ಮುಗಿಸತಕ್ಕದ್ದು.

ವಿದ್ಯಾರ್ಥಿವೇತನದ ಹಣದಲ್ಲಿಯೂ ಇಂತಹ ತೊಡಕುಗಳಿವೆ. ರೈತರ ಮಕ್ಕಳಿಗಾಗಿ ಕರ್ನಾಟಕ ಸರ್ಕಾರವು 2021ರಲ್ಲಿ ಆರಂಭಿಸಿದ ರೈತ ವಿದ್ಯಾನಿಧಿಯ ಹಣವು ನೇರವಾಗಿ ವಿದ್ಯಾರ್ಥಿಯ ಬ್ಯಾಂಕು ಖಾತೆಗೇ ಜಮೆಯಾಗುವಂತೆ ಏರ್ಪಾಡಾಯಿತು. ಆಧಾರ್ ಸಂಖ್ಯೆಯನ್ನು ಅನುಸರಿಸಿ ಬರುವ ಹಣವು, ಆ ಸಂಖ್ಯೆಯನ್ನು ಕಟ್ಟಕಡೆಯದಾಗಿ ಯಾವ ಬ್ಯಾಂಕಿನ ಖಾತೆಗೆ ಜೋಡಿಸಲಾಗಿದೆಯೋ ಅಲ್ಲಿಗೇ ಹೋಗುವುದು. ಪ್ರಾಥಮಿಕ ಶಾಲೆಯಲ್ಲಿದ್ದಾಗ ತೆರೆದು ಮರೆತುಬಿಟ್ಟ ಖಾತೆಯಲ್ಲಿ ಹಣವು ಕುಳಿತಿರುವಾಗ, ಬಂದೇ ಇಲ್ಲವೆಂದು ಕಛೇರಿಯಿಂದ ಕಛೇರಿಗೆ ಅಲೆಯುವವರುಂಟು. ಎರಡು ವರ್ಷಗಳಿಗೂ ಮೀರಿ ವ್ಯವಹಾರ ನಡೆಯದ ಖಾತೆಯನ್ನು ನಿಷ್ಕ್ರಿಯವೆಂದು ಎಣಿಸುವುದು ಬ್ಯಾಂಕುಗಳ ನಿಯಮ. ವಿದ್ಯಾರ್ಥಿವೇತನಕ್ಕಾಗಿಯೇ ತೆರೆದ ಖಾತೆಗಳಿಗೆ 2024ರಿಂದ ರಿಯಾಯಿತಿಯಿದ್ದರೂ, ವರ್ಷಕ್ಕೊಂದೆರಡು ಸಲ ಸಣ್ಣ ಜಮೆಯನ್ನಾದರೂ ಮಾಡುತ್ತಿರುವುದು ಮೇಲು.

ಈಗ ಹಗೇವಿನ ಬಾಯಿಯ ವಿಚಾರ. ವಿದ್ಯಾರ್ಥಿಯ ಕೈಯಲ್ಲಿ ದೂರವಾಣಿಯಿದೆ; ಅದರಲ್ಲಿ ಯುಪಿಐ ಇದೆ; ಆದುದರಿಂದ ಖಾತೆಯ ಬೀಗದ ಕೈ ಸದಾ ಅವನ ಜೇಬಿನಲ್ಲಿದೆ. ಮೋಸಗಾರನು ಕನ್ನ ಕೊರೆಯುವುದಿಲ್ಲ, ಬೀಗದ ಕೈಯನ್ನು ಕೇಳಿ ಪಡೆಯುತ್ತಾನೆ. ವಿದ್ಯಾರ್ಥಿವೇತನ ಮಂಜೂರಾಗಿದೆ, ಗುಪ್ತಸಂಖ್ಯೆಯನ್ನು ಒತ್ತಿದರೆ ಹಣ ಬರುವುದು ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಹಣವನ್ನು ಪಡೆಯುವುದಕ್ಕೆ ಗುಪ್ತಸಂಖ್ಯೆಯು ಎಂದಿಗೂ ಬೇಕಾಗಿಲ್ಲ. ಕೊಡುವುದಕ್ಕೆ ಮಾತ್ರ ಬೇಕು. ಈ ಒಂದು ಮಾತನ್ನು ಮಗುವಿಗೆ ಬಾಯಿಪಾಠ ಮಾಡಿಸಿ ಕಳುಹಿಸಿದರೆ ಅರ್ಧ ರಕ್ಷಣೆಯಾದಂತೆಯೇ. ಉಳಿದರ್ಧವು ತಂದೆಯ ಕೈಯಲ್ಲಿದೆ: ದೂರವಾಣಿಗೆ ಜೋಡಿಸಿದ ಖಾತೆಯಲ್ಲಿ ಒಂದು ತಿಂಗಳ ವೆಚ್ಚಕ್ಕಿಂತ ಹೆಚ್ಚು ಹಣವಿರಬಾರದು. ಕಾಲೇಜಿನ ಶುಲ್ಕವನ್ನು ತಂದೆಯು ತನ್ನ ಖಾತೆಯಿಂದಲೇ ನೇರವಾಗಿ ಕಾಲೇಜಿಗೆ ಕಟ್ಟತಕ್ಕದ್ದು. ಮೆಕ್ಕೆಜೋಳದ ಅಥವಾ ಕಾಫಿಯ ಮಾರಾಟದ ಹಣವನ್ನು ಮಗನ ಖಾತೆಗೆ ತರಿಸುವ ಪದ್ಧತಿಯು ಕೆಲವು ಮನೆಗಳಲ್ಲಿದೆ. ಅದನ್ನು ಪೂರ್ತಿಯಾಗಿ ಬಿಡುವುದು ಉಚಿತ.

ಎಷ್ಟು ಎಚ್ಚರದಿಂದಿದ್ದರೂ ಹಣವು ಹೋದಲ್ಲಿ, ನಾಚಿಕೆಯಿಂದ ಬಚ್ಚಿಡದೆ ಒಡನೆಯೇ ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ತಿಳಿಸಬೇಕು. ಖಾತೆದಾರನ ತಪ್ಪಿಲ್ಲದೆ, ಬ್ಯಾಂಕಿನದೂ ತಪ್ಪಿಲ್ಲದೆ, ಹೊರಗಿನವರಿಂದ ನಡೆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ನಷ್ಟವು ಖಾತೆದಾರನ ಮೇಲೆ ಬೀಳಕೂಡದೆಂದು ರಿಸರ್ವ್ ಬ್ಯಾಂಕು 2017ರಲ್ಲಿ ವಿಧಿಸಿತು. ಗುಪ್ತಸಂಖ್ಯೆಯನ್ನು ತಾನೇ ಹೇಳಿಕೊಟ್ಟವನಿಗಾದರೋ, ತಿಳಿಸುವ ತನಕ ಆದ ನಷ್ಟವೆಲ್ಲಾ ಅವನದೇ ಎಂದೂ ಆ ನಿಬಂಧನೆಯಲ್ಲಿತ್ತು. ಮಕ್ಕಳು ಇಂತಹ ಸುದ್ದಿಯನ್ನು ಮನೆಗೆ ತಿಳಿಸಲು ಹೆದರುವುದೇ ವಿಳಂಬಕ್ಕೆ ಮುಖ್ಯ ಕಾರಣವಾದುದರಿಂದ, ಕಳೆದುಕೊಂಡರೂ ಗದರಿಸುವುದಿಲ್ಲವೆಂಬ ಭರವಸೆಯನ್ನು ಹಿರಿಯರು ಮೊದಲೇ ಕೊಟ್ಟಿರಬೇಕು.

ಹಣ ಹೋಗುವುದಕ್ಕಿಂತಲೂ ಕೆಟ್ಟದೊಂದು ಇದೆ. ಅದು ಬರುವ ಹಣದಿಂದ ಒದಗುವ ಕೇಡು. ವಿದ್ಯಾರ್ಥಿನಿಲಯದಲ್ಲಿ ಯಾರೋ ಒಬ್ಬನು ಸ್ನೇಹದಿಂದ ಬಂದು, ಒಂದು ತಿಂಗಳು ಖಾತೆಯನ್ನೂ ಕಾರ್ಡನ್ನೂ ಸಿಮ್ಮನ್ನೂ ಕೊಟ್ಟಿರು, ಕೆಲವು ಸಾವಿರ ರೂಪಾಯಿ ಕೊಡುತ್ತೇನೆ ಎನ್ನುವನು. ಬೇರೆಯವರಿಂದ ಕದ್ದ ಹಣವು ಆ ಖಾತೆಯ ಮೂಲಕ ಹಾದುಹೋಗುವುದು. ಪೋಲೀಸರು ಜಾಡನ್ನು ಹಿಡಿದು ಬರುವಾಗ ಸಿಕ್ಕುವ ಮೊದಲ ಹೆಸರು ಖಾತೆದಾರನದು. ಖಾತೆಯು ಸ್ತಂಭಿತವಾಗಿ ಅದರಲ್ಲಿದ್ದ ಸ್ವಂತ ಹಣವೂ ವಿದ್ಯಾರ್ಥಿವೇತನವೂ ಸಿಕ್ಕಿಬೀಳುವುವು, ಮೊಕದ್ದಮೆಯೂ ಬರುವುದು. ದೇಶದ ಹಲವೆಡೆ ಕಾಲೇಜಿನ ಹುಡುಗರು ಹೀಗೆ ಬಂಧನಕ್ಕೊಳಗಾಗಿದ್ದಾರೆ. ತನ್ನ ಹೆಸರಿನ ಪಹಣಿಯನ್ನು ಗುರುತಿಲ್ಲದವನಿಗೆ ಎರವಲು ಕೊಡುವ ರೈತನು ಎಲ್ಲಿಯೂ ಇಲ್ಲ. ಖಾತೆಯೂ ಅಂತಹುದೇ ಎಂಬುದನ್ನು ಆ ಮಾತಿನಲ್ಲಿಯೇ ಮಕ್ಕಳಿಗೆ ಹೇಳಿದರೆ ಚೆನ್ನಾಗಿ ನಾಟುವುದು.

ಫಲಿತಾಂಶವು ಬಂದ ಮೇಲೆ ಕಾಲೇಜಿನ ಕೊನೆಯ ದಿನದವರೆಗೂ ಕಾಯದೆ, ಬೇಸಿಗೆಯ ಬಿಡುವಿನಲ್ಲಿಯೇ ತಾಲ್ಲೂಕು ಸ್ಥಳದಲ್ಲಿ ಖಾತೆಯನ್ನು ತೆರೆಯುವುದು ಒಳ್ಳೆಯದು. ಈಗ ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲಿಯೂ ವ್ಯವಹಾರ ನಡೆಯುವುದರಿಂದ ಕಾಲೇಜಿನ ಎದುರಿಗೇ ಶಾಖೆಯಿರಬೇಕೆಂಬ ಅಗತ್ಯವಿಲ್ಲ. ತೊಂದರೆಯಾದಾಗ ತಂದೆಯು ಹೋಗಿ ಕೇಳಬಲ್ಲ ಶಾಖೆಯೇ ಲೇಸು. ಆಧಾರ್, ಪ್ಯಾನ್ ಪತ್ರ ಅಥವಾ ಅದಿಲ್ಲದವರಿಗೆಂದು ಬ್ಯಾಂಕು ಕೊಡುವ ನಮೂನೆ, ಎರಡು ಭಾವಚಿತ್ರ, ಹತ್ತನೆಯ ತರಗತಿಯ ಅಂಕಪಟ್ಟಿ, ಇವನ್ನು ಜೊತೆಯಲ್ಲಿ ಒಯ್ಯತಕ್ಕದ್ದು. ನಾಮನಿರ್ದೇಶನದ ಕಾಲಮನ್ನು ಖಾಲಿ ಬಿಡಬಾರದು. ಪಾಸ್ ಪುಸ್ತಕವು ಕೈಗೆ ಬಂದೊಡನೆ ಅದರಲ್ಲಿ ಬರೆದಿರುವ ಹೆಸರನ್ನು ಅಂಕಪಟ್ಟಿಯ ಮತ್ತು ಆಧಾರಿನ ಹೆಸರುಗಳೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ, ತಂದೆಯ ಹೆಸರಿನ ಮೊದಲಕ್ಷರವೊಂದು ಹಿಂದುಮುಂದಾಗಿದ್ದರೂ ಶಾಖೆಯ ಮೆಟ್ಟಿಲನ್ನು ಇಳಿಯುವುದಕ್ಕೆ ಮುಂಚೆಯೇ ತಿದ್ದಿಸಿಕೊಳ್ಳತಕ್ಕದ್ದು.