ಫೀಸು ಕಟ್ಟಿದ್ದು ಕುರ್ಚಿಗೆ

ಸೀಟು ಸಿಕ್ಕಿತಲ್ಲ ಮಗೂ, ಸಂತೋಷ. ಪೇಡೆ ಹಂಚಿಯಾಯಿತು, ಬಿಳಿ ಕೋಟು ತೊಟ್ಟು ಫೋಟೋ ತೆಗೆಸಿಕೊಂಡದ್ದೂ ಆಯಿತು. ಇನ್ನು ಸ್ವಲ್ಪ ಕೂತು ಈ ಮುದುಕಿಯ ಮಾತು ಕೇಳು. ನಾನು ಡಾಕ್ಟರಲ್ಲ, ವಾರ್ಡಿನಲ್ಲಿ ಸಿಸ್ಟರ್ ಆಗಿ ತಲೆ ಹಣ್ಣು ಮಾಡಿಕೊಂಡವಳು. ಥರ್ಮಾಮೀಟರ್ ನೋಡಲೂ ಬಾರದ ಮಕ್ಕಳು ಬಂದು, ಒಳ್ಳೆಯ ಸರ್ಜನ್ನುಗಳಾಗಿ ಹೋದದ್ದನ್ನು ಕಂಡಿದ್ದೇನೆ. ಬಂದ ಹಾಗೇ ಹೊರಟುಹೋದವರನ್ನೂ ಕಂಡಿದ್ದೇನೆ.

ಮೊನ್ನೆ ನೀನು ಫೋನಿನಲ್ಲಿ ಗೆಳೆಯರ ಹತ್ತಿರ, "ಇಷ್ಟು ದುಡ್ಡು ಸುರಿದಿದ್ದೇವೆ, ಕಲಿಸದೆ ಎಲ್ಲಿಗೆ ಹೋಗ್ತಾರೆ" ಅಂದೆ. ನನ್ನ ಕಣ್ಣು ಮಂಜಾದರೂ ಕಿವಿ ಗಟ್ಟಿಯಾಗಿದೆ. ನಿನ್ನಪ್ಪ ಸಾಲ ಮಾಡಿ ಕಟ್ಟಿದ ಫೀಸು ಲೆಕ್ಚರ್ ಹಾಲಿನ ಕುರ್ಚಿಗೆ ಸಾಕು, ಲ್ಯಾಬಿಗೆ ಸಾಕು, ಮೇಷ್ಟ್ರ ಸಂಬಳಕ್ಕೂ ಸಾಕು. ಆದರೆ ನೀನು ಡಾಕ್ಟರಾಗುವುದು ಜನರಲ್ ವಾರ್ಡಿನಲ್ಲಿ. ಅಲ್ಲಿ ಮಲಗಿದವರಿಗೆ ನಿಮ್ಮ ಮನೆಯಿಂದ ಒಂದು ಪೈಸೆ ಹೋಗಿಲ್ಲ.

ಇದು ಇವತ್ತಿನ ಕತೆಯಲ್ಲ. 1953ರಲ್ಲಿ ಟಿ.ಎಂ.ಎ. ಪೈಗಳು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದಾಗ ನಮ್ಮ ಜಿಲ್ಲೆ ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಸರಕಾರದ ಕೈ ಕಾಯದೆ, ಓದುವವರ ಹಣದಿಂದಲೇ ಮೆಡಿಕಲ್ ಕಾಲೇಜು ನಡೆಸುತ್ತೇನೆ ಅಂದರೆ ನಕ್ಕವರೇ ಹೆಚ್ಚು. ಪೈಗಳು ದಿನಕ್ಕೆ ಎರಡಾಣೆಯ ಪಿಗ್ಮಿ ಕಟ್ಟಿಸಿಕೊಂಡು ಬ್ಯಾಂಕ್ ಬೆಳೆಸಿದವರು, ನಗುವವರಿಗೆ ಹೆದರುವ ಆಸಾಮಿಯಲ್ಲ. ಆದರೂ ಒಂದು ತೊಡಕಿತ್ತು. ಗುಡ್ಡದ ಮೇಲೆ ಕಟ್ಟಡ ಎಬ್ಬಿಸಬಹುದು, ರೋಗಿಗಳನ್ನು ಎಬ್ಬಿಸಲಾದೀತೇ? ಹಾಗಾಗಿ ಅನಾಟಮಿ, ಫಿಸಿಯಾಲಜಿಯೆಲ್ಲ ಮಣಿಪಾಲದಲ್ಲಿ. ಆಮೇಲೆ ಗಂಟುಮೂಟೆ ಕಟ್ಟಿಕೊಂಡು ಮಂಗಳೂರಿಗೆ, ಸರಕಾರಿ ವೆನ್ಲಾಕ್ ಆಸ್ಪತ್ರೆಗೆ. ಹೆರಿಗೆ ಕಲಿಯಲು ಲೇಡಿ ಗೋಶನ್ನಿಗೆ. ದುಡ್ಡು ಕೊಟ್ಟು ಸೇರಿದವರು ದುಡ್ಡಿಲ್ಲದವರ ನಾಡಿ ಹಿಡಿದು ಕಲಿತರು. ಬದಲಿಗೆ ಕಾಲೇಜಿನ ಡಾಕ್ಟರುಗಳು ಆ ಬಡವರಿಗೆ ಚಿಕಿತ್ಸೆ ಕೊಟ್ಟರು. ಕೊಡುಕೊಳ್ಳುವಿಕೆ ಇದ್ದದ್ದು ಅಲ್ಲಿ, ಫೀಸಿನ ಕೌಂಟರಿನಲ್ಲಲ್ಲ.

1963ರಲ್ಲಿ ಬೆಳಗಾವಿ, ಕಲಬುರಗಿ, ಬೆಂಗಳೂರಿನ ಸೇಂಟ್ ಜಾನ್ಸ್, 1965ರಲ್ಲಿ ದಾವಣಗೆರೆ ಅಂತ ಒಂದರ ಹಿಂದೆ ಒಂದು ಬಂದವು. ಬಯಲುಸೀಮೆಯ ರೈತನಿಗೆ ಆಪರೇಷನ್ ಅಂದರೆ ಊರು ಬಿಟ್ಟು ದೂರದ ಪಟ್ಟಣದಲ್ಲಿ ಬೀಡುಬಿಡುವುದೇ ಆಗಿತ್ತು. ಅದು ಅಷ್ಟಿಷ್ಟು ತಪ್ಪಿತು. ಖಾಸಗಿ ಕಾಲೇಜು ಅಂದರೆ ಬರೀ ಸುಲಿಗೆ ಅನ್ನುವವರು ಈ ಮಾತನ್ನು ನುಂಗಿಬಿಡುತ್ತಾರೆ.

ಹಾಗಂತ ಸುಲಿಗೆ ಇರಲಿಲ್ಲವೇ? ಇತ್ತು ಮಾರಾಯ, ಚೆನ್ನಾಗಿಯೇ ಇತ್ತು. ಇಲ್ಲದಿದ್ದರೆ 1984ರಲ್ಲಿ ಕರ್ನಾಟಕ ಸರಕಾರ ಕ್ಯಾಪಿಟೇಶನ್, ಅಂದರೆ ಸೀಟಿಗಾಗಿ ವಸೂಲು ಮಾಡುವ ವಂತಿಗೆ, ತಡೆಯಲು ಕಾಯಿದೆ ಮಾಡುವ ಅಗತ್ಯವೇನಿತ್ತು? ಆಮೇಲೂ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000. ಇದನ್ನು ಪ್ರಶ್ನಿಸಿ ಮೀರತ್ತಿನ ಹುಡುಗಿ ಮೋಹಿನಿ ಜೈನ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ 1992ರಲ್ಲಿ ಗೆದ್ದಳು. ಮರುವರ್ಷದ ಉನ್ನಿಕೃಷ್ಣನ್ ತೀರ್ಪಿನಿಂದ ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಅಂತಾಯಿತು. ಹಾಸ್ಟೆಲಿನಲ್ಲಿ ಫ್ರೀ ಸೀಟಿನವನಿಗೆ ಕೊಂಬು, ಪೇಮೆಂಟಿನವನಿಗೆ ಸಂಕೋಚ. ವಾರ್ಡಿನಲ್ಲಿ ಮಾತ್ರ ಇಬ್ಬರಿಗೂ ರಕ್ತನಾಳ ಸಿಗುತ್ತಿರಲಿಲ್ಲ. ಇಬ್ಬರೂ "ಸಿಸ್ಟರ್, ಸಿಸ್ಟರ್" ಅಂತ ನನ್ನ ಹಿಂದೆಯೇ ಸುತ್ತುತ್ತಿದ್ದರು.

ಇನ್ನೊಂದು ಕಿವಿಯಲ್ಲೇ ಹೇಳುವ ಮಾತು. ರೋಗಿಗಳೇ ಬಾರದ ಕಾಲೇಜುಗಳೂ ಇವೆ. ಇನ್‌ಸ್ಪೆಕ್ಷನ್ ದಿನ ಹಳ್ಳಿಗಳಿಂದ ಬಸ್ಸಿನಲ್ಲಿ ಜನರನ್ನು ತುಂಬಿಕೊಂಡು ಬಂದು, ಮಂಚದ ಮೇಲೆ ಮಲಗಿಸಿ, ಊಟ ಹಾಕಿ ಕಳಿಸುತ್ತಾರೆ. ಅಲ್ಲಿ ಓದಿದ ಹುಡುಗ ಪುಸ್ತಕದಲ್ಲಿ ಟೈಫಾಯ್ಡ್ ನೋಡಿರುತ್ತಾನೆ, ಮಂಚದ ಮೇಲೆ ನೋಡಿರುವುದಿಲ್ಲ. ನಿನ್ನ ಕಾಲೇಜು ಎಂಥದ್ದು ಅಂತ ತಿಳಿಯಬೇಕೇ? ಗೇಟಿನ ಕಮಾನು ನೋಡಬೇಡ. ಸೋಮವಾರ ಬೆಳಿಗ್ಗೆ ಒಪಿಡಿಯ ಚೀಟಿ ಸಾಲು ಎಲ್ಲಿಯವರೆಗೆ ನಿಂತಿದೆ ಅಂತ ನೋಡು.

ಆ ಸಾಲಿನಲ್ಲಿ ನಿಂತವರೇ ನಿನ್ನ ಮೇಷ್ಟ್ರುಗಳು. ನಮ್ಮ ವಾರ್ಡಿಗೆ ಬೀಡಿ ಕಟ್ಟುವ ಹೆಂಗಸೊಬ್ಬಳು ಬರುತ್ತಿದ್ದಳು. ಚಿಕ್ಕಂದಿನ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕಿರಿದಾಗಿತ್ತು. ಫೈನಲ್ ಇಯರ್ ಪರೀಕ್ಷೆ ಬಂತೆಂದರೆ ಅವಳನ್ನು ಕೇಸಿಗೆ ಕರೆಸುವುದು ರೂಢಿ. ಒಂದು ಸಲ ಒಬ್ಬ ಹುಡುಗ ಬೆವರಿ ತೊಪ್ಪೆಯಾಗಿ, ಸ್ಟೆಥಾಸ್ಕೋಪ್ ಎಲ್ಲಿಟ್ಟರೂ ಏನೂ ಕೇಳಿಸದೆ ನಿಂತಿದ್ದ. ಪರೀಕ್ಷಕರು ಪಕ್ಕದ ಮಂಚದಲ್ಲಿದ್ದರು. ಇವಳು ಮೆಲ್ಲಗೆ, "ಡಾಕ್ಟ್ರೇ, ನನ್ನನ್ನು ಎಡಮಗ್ಗುಲಿಗೆ ತಿರುಗಿಸಿ, ಉಸಿರು ಬಿಡಿಸಿ ಕೇಳಿ. ಹಾಗೆ ಕೇಳಿದವರೆಲ್ಲ ಪಾಸಾಗಿದ್ದಾರೆ" ಅಂದಳು. ಕೇಳಿದ, ಪಾಸೂ ಆದ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಸಂಜೆ ಮಾತ್ರೆ ಕೊಡುವಾಗ ಅವಳು ನನ್ನನ್ನು ಕೇಳಿದಳು: "ಆ ಹುಡುಗನದ್ದು ಏನಾಯ್ತು ಸಿಸ್ಟರ್?"

ಒಂದೇ ದಿನ ಹತ್ತು ಜನ ಬಂದು ಹೊಟ್ಟೆ ಒತ್ತಿದರೆ ನೀನು ಸುಮ್ಮನಿರುತ್ತೀಯಾ? ಬೆನ್ನು ಉಜ್ಜಲು ಹೋದರೆ ನಿನ್ನಮ್ಮನ ಮೇಲೇ ರೇಗುವವನು ನೀನು. ಹಾಗಾಗಿ ಮೊದಲು ಹೆಸರು ಹೇಳಿ, ಒಪ್ಪಿಗೆ ಕೇಳು. ಹೆಂಗಸರಾದರೆ ಪರದೆ ಎಳೆ. ಸ್ಟೆಥಾಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡು. "ಆರನೇ ಬೆಡ್ಡಿನ ಲಿವರ್" ಅಂತ ಕರೆದೆಯೋ, ನನ್ನಂಥ ಸಿಸ್ಟರ್ ಇದ್ದರೆ ಕಿವಿ ಹಿಂಡುತ್ತಾಳೆ. ಅಜ್ಜಿಯೊಬ್ಬಳು ಇವತ್ತು ಮುಟ್ಟಬೇಡ ಅಂದರೆ ಮುಟ್ಟಬೇಡ, ನಾಳೆ ಬಾ. ಕೋಟು ತೊಟ್ಟುಕೊಂಡು ಕ್ಯಾಂಟೀನಿಗೆ ಹೋಗಬೇಡ. ಹುಡುಗಿಯರು ನೋಡಲಿ ಅಂತ ಹಾಕಿಕೊಂಡು ಹೋಗುತ್ತೀರಿ, ಅದರ ತೋಳಿನಲ್ಲಿ ವಾರ್ಡಿನ ಕ್ರಿಮಿಯೆಲ್ಲ ಇರುತ್ತದೆ.

ಮೊದಲ ವರ್ಷದಿಂದಲೇ ಹಳ್ಳಿಯ ಮನೆಗಳನ್ನು ದತ್ತು ಕೊಡುತ್ತಾರಂತೆ ಈಗ. ಒಳ್ಳೆಯ ಏರ್ಪಾಡು. ಸೆಲ್ಫಿ ತೆಗೆದು ರೆಕಾರ್ಡ್ ಬುಕ್ ತುಂಬಿಸಿ ಓಡಿಬರಬೇಡ. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿ. ಸಕ್ಕರೆ ಕಾಯಿಲೆಯ ಯಜಮಾನ ತಿಂಗಳ ಕೊನೆಯಲ್ಲಿ ಮಾತ್ರೆ ಯಾಕೆ ಬಿಡುತ್ತಾನೆ ಅನ್ನುವುದು ಅಲ್ಲೇ ತಿಳಿಯುತ್ತದೆ. ನಿನ್ನ ಪ್ರೊಫೆಸರಿಗೆ ಅದನ್ನು ಆತ ಹೇಳುವುದಿಲ್ಲ.

ಇನ್ನು ಇಂಟರ್ನ್‌ಷಿಪ್. ಆ ವರ್ಷ ನೀನು ಪಿಜಿ ಪರೀಕ್ಷೆಯ ಪುಸ್ತಕ ಕಂಕುಳಲ್ಲಿಟ್ಟುಕೊಂಡು ವಾರ್ಡಿನಿಂದ ತಪ್ಪಿಸಿಕೊಳ್ಳುತ್ತೀಯ, ಗೊತ್ತು. ಓದು, ಬೇಡ ಅನ್ನುವುದಿಲ್ಲ. ಆದರೆ ಡಿಸ್ಚಾರ್ಜ್ ದಿನ ಬಿಲ್ ಹಿಡಿದು ಗೋಡೆ ನೋಡುತ್ತ ನಿಂತ ಅಪ್ಪನನ್ನು ಕಂಡರೆ ಕಾಣದ ಹಾಗೆ ದಾಟಬೇಡ. ಆಯುಷ್ಮಾನ್ ಕೌಂಟರ್ ಎಲ್ಲಿದೆ, ಆರೋಗ್ಯಮಿತ್ರ ಎಷ್ಟು ಹೊತ್ತಿಗೆ ಬರುತ್ತಾರೆ, ರೇಷನ್ ಕಾರ್ಡ್, ಆಧಾರ್ ತಂದಿದ್ದಾರಾ, ಇಷ್ಟು ನಿನಗೆ ಬಾಯಿಪಾಠ ಇರಲಿ. ಅಡ್ಮಿಟ್ ಆದ ದಿನವೇ ಕೇಳಿಬಿಡು, ಮನೆಗೆ ಹೊರಡುವ ದಿನ ಕೇಳಿದರೆ ತಡವಾಗುತ್ತದೆ. ಇದನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ.

ದೀಪಾವಳಿ ರಜೆಗೆ ಬಂದಾಗ ನನ್ನ ಬಿಪಿ ನೋಡಿಕೊಡು. ಸೀರೆಯ ಮೇಲೇ ಪಟ್ಟಿ ಸುತ್ತಿದರೆ ಕಜ್ಜಾಯ ಕೊಡುವುದಿಲ್ಲ.